ಕೆಳಮನೆಗೆ ಇಳಿಯುತ್ತಿದ್ದ ತೋಟ

ಗಡಿಯಾರ ರಿಪೇರಿಯವನ ಹಿತ್ತಿಲಿಗೆ ಒಂದೆಡೆ ಕೂತಿರುವ ಅಭ್ಯಾಸವೇ ಇರಲಿಲ್ಲ. ಇಳಿಜಾರಿನ ಜಾಗ. ಮಳೆ ಬಂದರೆ ಸಾಕು, ಮಣ್ಣೆಲ್ಲ ಒಂದೆರಡು ಗುಲಾಬಿ ಗಿಡಗಳನ್ನೂ ಕರೆದುಕೊಂಡು ಕೆಳಮನೆಯ ಟೀಚರ್ ಅಂಗಳಕ್ಕೆ ನೆಂಟರ ಹಾಗೆ ಇಳಿದುಬಿಡುತ್ತಿತ್ತು. ಬೆಳಿಗ್ಗೆ ಟೀಚರ್ ಅದನ್ನು ಟಬ್ಬಿಗೆ ತುಂಬಿಕೊಂಡು ಮೇಲೆ ಬರುತ್ತಿದ್ದರು.

"ಏನ್ರೀ, ನಿಮ್ಮ ತೋಟ ಮತ್ತೆ ನಮ್ಮನೆಗೆ ಬಂದು ಕೂತಿದೆ. ಒಂದು ಗೋಡೆ ಕಟ್ಟಿಸೋಕಾಗಲ್ವಾ?"

"ಕಟ್ಟಿಸ್ತೀನಿ ಟೀಚರ್. ಟೀ ಆಗಿದೆ, ಕೂತ್ಕೊಳ್ಳಿ."

ಖಾಲಿ ಟಬ್ಬನ್ನು ಬೋರಲು ಹಾಕಿ, ಅದರ ಮೇಲೆಯೇ ಕೂತು ಟೀ ಕುಡಿದು ಹೋಗುತ್ತಿದ್ದರು. ಅಷ್ಟೇ. ಆ ಅಷ್ಟಕ್ಕಾಗಿ ಅವನು ದಿನಗಟ್ಟಲೆ ಕಾಯುತ್ತಿದ್ದ. ಮಳೆ ಕೈಕೊಟ್ಟಾಗ ತಾನೇ ಅಂಚಿಗೆ ಬಕೆಟ್ಟಿನಲ್ಲಿ ನೀರು ತಂದು ಸುರಿಯುತ್ತಿದ್ದ. ಮನಸ್ಸಿನ ಮಾತು ಹೇಳೋಣವೆಂದು ಬಾಯಿ ತೆರೆದರೆ ಮಾತ್ರ, "ಸಕ್ಕರೆ ಸಾಕಾ?" ಎಂಬುದಷ್ಟೇ ಹೊರಗೆ ಬರುತ್ತಿತ್ತು.

ಟೀಚರ್ ದೂರನ್ನು ಬೇಲಿಯಾಚೆಯಿಂದ ಕೇಳಿ ಕೇಳಿ ಮನಸ್ಸು ಕರಗಿದವರು ಪಕ್ಕದ ಮನೆಯ ನಿವೃತ್ತ ಓವರ್‌ಸಿಯರ್. ಒಂದು ಭಾನುವಾರ, ತಮ್ಮ ಮನೆ ಕಟ್ಟಿ ಉಳಿದ ಕಲ್ಲುಗಳ ಜೊತೆಗೆ ಮೇಸ್ತ್ರಿಯನ್ನೂ ಹೊರಡಿಸಿಕೊಂಡು ಬಂದೇಬಿಟ್ಟರು.

"ಆ ಹೆಣ್ಣುಮಗಳು ಎಷ್ಟೂಂತ ಮಣ್ಣು ಹೊರಬೇಕಯ್ಯಾ? ಸಂಜೆಯೊಳಗೆ ತಡೆಗೋಡೆ ಎದ್ದಿರಬೇಕು. ನೀನು ಸುಮ್ನೆ ನೋಡ್ತಿರು."

ಬೇಡವೆನ್ನಲು ಅವನಿಗಿದ್ದದ್ದು ಒಂದೇ ಕಾರಣ. ಅದು ಹೇಳುವಂಥದ್ದಲ್ಲ.

"ಮೇಸ್ತ್ರಿ, ನಡುವೆ ಒಂಚೂರು ಸಂದು ಬಿಡ್ತೀರಾ?" ಎಂದು ಮೆಲ್ಲಗೆ ಕೇಳಿದ.

"ನೀರು ಹೋಗೋಕೆ ತೂತು ಬಿಡ್ತೀನಲ್ಲ ಸಾರ್."

"ಮಣ್ಣೂ ಹೋಗೋ ಹಾಗಿರಲಿ."

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. "ಹಾಗಾದ್ರೆ ಗೋಡೆ ಯಾಕೆ ಸಾರ್? ಬಾಗಿಲೇ ಇಟ್ಟುಬಿಡೋಣ!"

ಅವನ ಮುಖ ಅರಳಿತು. "ಇಡಬಹುದಾ?"

"ತಮಾಷೆ ಚೆನ್ನಾಗಿ ಮಾಡ್ತೀಯ ಬಿಡು," ಎಂದು ಓವರ್‌ಸಿಯರ್ ಬೆನ್ನು ತಟ್ಟಿದರು.

ಅವರೆಲ್ಲ ಊಟಕ್ಕೆ ಹೋದ ಹೊತ್ತು ನೋಡಿ ಅವನು ಪಾಯದ ಕಲ್ಲೊಂದನ್ನು ಎಳೆದ. ಕಲ್ಲು ನೇರವಾಗಿ ಅವನ ಹೆಬ್ಬೆರಳ ಮೇಲೆ ಕೂತಿತು. ಕೂಗು ಕೇಳಿ ಕೈ ತೊಳೆಯದೆ ಓಡಿಬಂದ ಓವರ್‌ಸಿಯರ್, "ನೋಡಿದ್ಯಾ ಮೇಸ್ತ್ರಿ, ಪಾಯ ಸಡಿಲ! ಇನ್ನೂ ಆಳಕ್ಕೆ ತೆಗಿ, ದಪ್ಪ ಕಲ್ಲು ಹಾಕು," ಎಂದು ಅಪ್ಪಣೆ ಮಾಡಿದರು.

ಆಳಕ್ಕೆ ತೆಗೆಯುವಾಗ ಮಣ್ಣಿನಲ್ಲಿ ಒಂದು ಸೌಟು ಸಿಕ್ಕಿತು.

"ಯಾರೋ ಕೆಳಗಡೆಯಿಂದ ತೋಡಿ ತೋಡಿ ಬಡಿಸ್ಕೊಂಡಿದ್ದಾರೆ ಸಾರ್," ಎಂದ ಮೇಸ್ತ್ರಿ.

"ಹೆಗ್ಗಣದ ಕೆಲಸ," ಎಂದರು ಓವರ್‌ಸಿಯರ್.

"ಸೌಟು ಹಿಡಿಯೋ ಹೆಗ್ಗಣಾನಾ ಸಾರ್?"

ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ಗಡಿಯಾರದವನಿಗೆ ಹೆಗ್ಗಣವೂ ಬೇಡ, ಸೌಟೂ ಬೇಡ. ಕಲ್ಲಿನ ಮೇಲೆ ಕಲ್ಲು ಏರುವುದನ್ನೇ, ರೈಲು ತಪ್ಪಿಸಿಕೊಂಡವನ ಹಾಗೆ ನೋಡುತ್ತಿದ್ದ.

ಅಕ್ಕನ ಮನೆಗೆ ಹೋಗಿದ್ದ ಟೀಚರ್ ಸಂಜೆ ಹಿಂದಿರುಗಿ, ಗೋಡೆ ಕಂಡು ಮೇಲೆ ಹತ್ತಿ ಬಂದರು. "ಚೆನ್ನಾಗಿದೆ," ಎಂದರು, ಯಾರದೋ ಮದುವೆಯ ಫೋಟೋ ನೋಡಿದವರಂತೆ. ಆಮೇಲೆ ಅವನ ಹತ್ತಿರ ಬಂದು ದನಿ ತಗ್ಗಿಸಿದರು.

"ಏನ್ರೀ... ಇಲ್ಲೆಲ್ಲಾದ್ರೂ ಒಂದು ಸೌಟು ಸಿಕ್ತಾ? ಹಿಡಿ ಸ್ವಲ್ಪ ಸೊಟ್ಟ ಆಗಿರೋದು."

ಅವನು ಸೌಟು ನೋಡಿದ. ಟೀಚರ್ ಮುಖ ನೋಡಿದ. ಆ ಮುಖ ಕಿವಿಯವರೆಗೂ ಕೆಂಪಾಗಿತ್ತು. ಸೌಟನ್ನು ಅವರ ಕೈಗಿಟ್ಟು, "ಟೀಚರ್, ನಾನೂ... ಬಕೆಟ್ಟಲ್ಲಿ..." ಎಂದು ತೊದಲಿದ.

"ಥ್ಯಾಂಕ್ಸ್ ಎಲ್ಲ ಬೇಡಮ್ಮಾ!" ಓವರ್‌ಸಿಯರ್ ನಡುವೆ ಬಂದು ನಿಂತರು. "ಇನ್ಮೇಲೆ ನೀನು ಈ ದಿಬ್ಬ ಹತ್ತಿ ಬರೋ ಕೆಲಸಾನೇ ಇಲ್ಲ."

ಟೀಚರ್ ಸೌಟಿಗೆ ಮೆತ್ತಿದ್ದ ಮಣ್ಣು ಕೊಡವಿದರು. ಹೋಗುವಾಗ ಬಗ್ಗಿ, ಸೌಟಿನ ತುದಿಯಿಂದ ಗೋಡೆಯನ್ನೊಮ್ಮೆ ತಟ್ಟಿ ನೋಡಿದರು. ಟಣ್ ಎಂದಿತು.

"ಕೇಳಿದ್ರಾ ಸದ್ದು?" ಮೇಸ್ತ್ರಿ ಹಿಗ್ಗಿಹೋದ. "ನಿಮ್ಮಿಬ್ಬರ ಕಾಲ ಮುಗಿದ್ರೂ ಒಂದು ಹಿಡಿ ಮಣ್ಣು ಅಲ್ಲಾಡಲ್ಲಮ್ಮಾ!"