ಮೊದಲು ಸಿಡಿದವನು

ಎಲ್ಲಾ ಶುರುವಾದದ್ದು ಒಂದು ಹಿಡಿ ಹತ್ತಿಯಿಂದ.

ನಕ್ಷತ್ರ ನೋಡುವ ಕೇಂದ್ರದ ಪ್ರದರ್ಶನದ ಕೋಣೆಯಲ್ಲಿ ಎಲೆಕ್ಟ್ರಿಷಿಯನ್ ಒಂದು ಪುಟ್ಟ ಗ್ಯಾಲಕ್ಸಿ ಕಟ್ಟಿದ್ದ. ಹಲಗೆ ತುಂಬ ಹತ್ತಿ, ಅದು ಅನಿಲ. ನಡುನಡುವೆ ನಲವತ್ತು ಬಲ್ಬು, ಅವು ನಕ್ಷತ್ರ. ಹನ್ನೊಂದಕ್ಕೆ ದೊಡ್ಡ ಸಾಹೇಬರು ಬಂದು ಮೆಚ್ಚಿದರೆ ವರ್ಕ್‌ಶಾಪಿನ ಬೀಗದ ಕೈ ಇವನಿಗೆ. ಆರು ವರ್ಷ ಮೆಟ್ಟಿಲ ಕೆಳಗೆ ತಲೆ ಬಡಿಸಿಕೊಂಡು ವೈರು ಸುಲಿದವನಿಗೆ ಅದು ಸಣ್ಣ ಮಾತಲ್ಲ.

ವಿಜ್ಞಾನಿ ಮೇಡಂ ಬಿಡಿಸಿ ಹೇಳಿದ್ದರು: "ದೊಡ್ಡ ಗ್ಯಾಲಕ್ಸಿಗೆ ಸುರುಳಿ ತೋಳಿರುತ್ತೆ, ಅನಿಲಾನ ಅದೇ ಒತ್ತಿ ಗುಡ್ಡೆ ಮಾಡುತ್ತೆ. ಈ ಪುಟ್ಟದಕ್ಕೆ ತೋಳಿಲ್ಲ. ಒಂದು ನಕ್ಷತ್ರ ಸಿಡಿದರೆ ಪಕ್ಕದ ಅನಿಲ ಗುಡ್ಡೆಯಾಗಿ ಹೊಸವು ಹುಟ್ಟುತ್ತವೆ. ಅವುಗಳಲ್ಲೊಂದು ಸಿಡಿದರೆ ಅದರಾಚೆ. ಹೀಗೇ ಹಬ್ಬುತ್ತೆ."

ಎಲೆಕ್ಟ್ರಿಷಿಯನ್ ಕೈ ತೊಳೆದು ಬರುವಷ್ಟರಲ್ಲಿ ಪೇಂಟರ್ ನಡುವಿನ ಬಲ್ಬಿಗೆ ದಪ್ಪಗೆ ಕೆಂಪು ಬಳಿದಿದ್ದ. ತೋಟದವನು, "ಬೋಳು ಕಾಣ್ತಿತ್ತು ಕಣಣ್ಣ" ಅಂತ ಇನ್ನಷ್ಟು ಹತ್ತಿ ತುರುಕಿದ್ದ. ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು.

ಇವನು ಸ್ವಿಚ್ಚು ಒತ್ತಿದ. ಬಣ್ಣ ಬಳಿದ ನಡುವಿನ ಬಲ್ಬು ಕಾದು ಟಪ್ ಅಂತ ಒಡೆಯಿತು. ಉಳಿದವು ಕಣ್ಣೇ ಬಿಡಲಿಲ್ಲ.

ಎಲೆಕ್ಟ್ರಿಷಿಯನ್ ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯಾದ. "ನನ್ನ ಬಲ್ಬಿಗೆ ಬಣ್ಣ ಬಳಿ ಅಂತ ನಿನಗೆ ಯಾರಯ್ಯಾ ಹೇಳಿದ್ದು?"

"ನನ್ನನ್ನೇನು ಕೇಳ್ತೀಯ? ಹಾಸಿಗೆಗೆ ತುಂಬೋ ಹಾಗೆ ಹತ್ತಿ ತುಂಬಿದ್ದು ಇವನು," ಪೇಂಟರ್ ತೋಟದವನ ಮೇಲೆ ಹರಿಹಾಯ್ದ.

"ಹತ್ತಿ ಕೊಟ್ಟದ್ದು ಟಿಕೆಟ್ ಹರಿಯೋ ಅಕ್ಕ!"

"ಬಾಗಿಲು ಕಾಯೋನು ಹೇಳಿದ, ಕೊಟ್ಟೆ. ನನಗೇನು ಗೊತ್ತು?"

ಬಾಗಿಲಿನವನು ಆ ಸಿಟ್ಟನ್ನು ಟಿಕೆಟ್ಟಿನ ಸಾಲಿನಲ್ಲಿದ್ದ ಯಾರೋ ಭಾವ ಭಾವಮೈದುನರ ಮೇಲೆ ತೀರಿಸಿಕೊಂಡು ಗದರಿದ. ಅವರು ಹಳೆಯದನ್ನೆಲ್ಲ ಕೆದಕಿಕೊಂಡು ಕಚ್ಚಾಡತೊಡಗಿದರು. ಜಗಳ ಗೇಟು ದಾಟಿತು.

"ಎಲ್ಲಿ ನಿಮ್ಮ ಮಾದರಿ?" ಸಾಹೇಬರು ಕೇಳಿದರು.

"ಇದೇ ಸಾರ್," ಅಂದರು ಮೇಡಂ, ನಗು ತಡೆಯುತ್ತ. "ನಡುವೆ ಒಬ್ಬ ಸಿಡಿದ. ಪಕ್ಕದವರು ಹೊತ್ತಿಕೊಂಡರು. ಹಬ್ಬಿತು."

ಸಾಹೇಬರಿಗೆ ಈಗ ಅರ್ಥವಾಯಿತು. "ಬಲ್ಬಿಗಿಂತ ಈ ಜಗಳವೇ ಸಲೀಸು. ದಿನಾ ಎರಡು ಪ್ರದರ್ಶನ ಆಗಲಿ. ಹಲಗೆ ಬಿಚ್ಚಿಡಿ. ಇವನಿಗೆ ವೈರಿನ ಕೆಲಸವೇ ಇಲ್ಲ ಅಂದಮೇಲೆ ವರ್ಕ್‌ಶಾಪ್ ಯಾಕೆ? ಪೇಂಟರ್ ಬೋರ್ಡು ಬರೀಲಿ ಅಲ್ಲಿ, ಬೀಗದ ಕೈ ಅವನಿಗೆ ಕೊಡಿ."

"ಅಲ್ಲ ಮೇಡಂ, ಸಿಡಿದದ್ದು ನಾನು, ಬೆಳಗೋನು ಅವನಾ? ಇದ್ಯಾವ ನ್ಯಾಯ?"

"ಮೊದಲು ಸಿಡಿದದ್ದರ ಕತೆ ಅಲ್ಲಿಗೆ ಮುಗೀತಣ್ಣ. ಬೆಳಗೋದು ಪಕ್ಕದ್ದೇ."

ಅವನ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಬಾಯಿ ತೆರೆದ.

ಸಾಹೇಬರು ಗಡಿಯಾರ ನೋಡಿ ಅವನ ಭುಜ ತಟ್ಟಿದರು. "ಈಗಲೇ ಬೇಡಪ್ಪ. ನಾಲ್ಕು ಗಂಟೆಗೆ."