ನನ್ನ ಮಗಳ ಶಟಲ್ ಔಟ್ ಎಂದ ತೀರ್ಪುಗಾರ್ತಿಯ ಮೇಲೆ ದೂರು

ಅಂತರರಾಷ್ಟ್ರೀಯ ಮುಸ್ಲಿಂ ಕ್ರೀಡಾಕೂಟದ ಮಹಿಳಾ ಬ್ಯಾಡ್ಮಿಂಟನ್ ವಿಭಾಗದ ಮುಖ್ಯ ರೆಫರಿಯವರ ಸನ್ನಿಧಾನಕ್ಕೆ, ಲಾಸ್ ಏಂಜಲೀಸ್.

ಮಾನ್ಯರೇ,

ಮೈಸೂರಿನಲ್ಲಿ ಹುಟ್ಟಿ, ಈಗ ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿರುವ ಕನೀಜ್ ಫಾತಿಮಾಳ ಅನಂತ ಸಲಾಮುಗಳು. ಅಮೆರಿಕ ತಂಡಕ್ಕೆ ಆಡಿದ ಹದಿನೇಳರ ಅರ್ಫಾಳ ತಾಯಿ ನಾನು. ಮೊದಲ ಮೂರು ದಿನಗಳಲ್ಲಿ ಲೈನ್ ಜಡ್ಜ್‌ಗಳ ಕಣ್ಣು ಸರಿಯಿಲ್ಲವೆಂದು ತಮಗೆ ನಾಲ್ಕು ದೂರು ಬರೆದವಳೂ ನಾನೇ. ನನ್ನ ಕನ್ನಡಕದ ನಂಬರ್ ಬದಲಾಗಿ ಎರಡು ವರ್ಷವಾಯಿತೆಂಬುದನ್ನು ನಾಲ್ಕರಲ್ಲೂ ಬರೆಯಲು ಮರೆತಿದ್ದೆ.

ಸೆಮಿಫೈನಲ್ ದಿನ ಲೈನ್ ಜಡ್ಜ್ ಒಬ್ಬರಿಗೆ ಜ್ವರ ಬಂತು. ಹೆಂಗಸರಿಗಷ್ಟೇ ಪ್ರವೇಶವಿದ್ದ ಆ ಹಾಲಿನಲ್ಲಿ ಬೇರಾರೂ ಸಿಗದೆ, "ಅಷ್ಟೊಂದು ತಿಳಿದವರು, ನೀವೇ ಕೂರಬಹುದಲ್ಲ" ಎಂದು ತಾವು ನನಗೆ ಕುರ್ಚಿ ತೋರಿಸಿದಿರಿ. ಆಡುತ್ತಿರುವವಳು ನನ್ನ ಮಗಳು ಎಂದೆ. ಎದುರಾಳಿ ಮಲೇಷ್ಯಾದ ಹುಡುಗಿ ನಗುತ್ತಲೇ ಒಪ್ಪಿಬಿಟ್ಟಳು. ನಾಲ್ಕು ದೂರುಗಳಿಗೆ ಇಷ್ಟು ಸೊಗಸಾದ ಉತ್ತರವನ್ನು ಯಾವ ಕಚೇರಿಯೂ ಕೊಟ್ಟಿರಲಾರದು.

ಮೂರನೇ ಗೇಮ್. ಹತ್ತೊಂಬತ್ತು–ಇಪ್ಪತ್ತು. ಅರ್ಫಾ ಹೊಡೆದ ಸ್ಮ್ಯಾಶ್ ನನ್ನ ಕಾಲ ಬುಡದಲ್ಲಿ, ಗೆರೆಯಿಂದ ಕಿರುಬೆರಳಿನಷ್ಟು ಆಚೆ ಬಿತ್ತು. ಹೃದಯವನ್ನು ಕೇಳುವ ಮೊದಲೇ ನಾಲಿಗೆ "ಔಟ್!" ಎಂದಿತು, ನಿಯಮದಂತೆ ಎರಡೂ ಕೈ ಅಗಲಿಸಿದೆ, ಮಗಳನ್ನು ತಬ್ಬಲು ಕರೆಯುವವಳಂತೆ. ಅವಳು ಬರಲಿಲ್ಲ. ನೆಟ್ ಬಳಿ ಹೋಗಿ ಎದುರಾಳಿಯ ಕೈಕುಲುಕಿದಳು.

ವಾಪಸ್ ಬರುವಾಗ, ದಿನವಿಡೀ ಪಾರ್ಕಿಂಗ್ ಲಾಟಿನಲ್ಲಿ ಕಾದಿದ್ದ ನಮ್ಮ ಯಜಮಾನರು ಗುಲಾಮ್ ಮೊಹಿಯುದ್ದೀನ್, "ಯಾವ ಕುರುಡಿ ಕೂತಿದ್ದಳು ಆ ಲೈನಲ್ಲಿ?" ಎಂದು ಮುಕ್ಕಾಲು ದಾರಿ, ಕಾರ್ಲ್ಸ್‌ಬಾಡ್‌ವರೆಗೂ ಗುಡುಗಿದರು. ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕೂತಿದ್ದ ಆ ಕುರುಡಿ ಸೀಟ್ ಬೆಲ್ಟ್ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಕೊನೆಗೆ ಅರ್ಫಾಳೇ ಅಪ್ಪನೆದುರು ಬಾಯಿ ಬಿಟ್ಟಳು: "ಅಬ್ಬಾ, ಸ್ಟಾಪ್. ಇಟ್ ವಾಸ್ ಔಟ್. ಐ ಸಾ ಇಟ್ ಟೂ." ಆಮೇಲೆ ನೋಯುತ್ತಿದ್ದ ಕಾಲನ್ನು ನನ್ನ ತೊಡೆಯ ಮೇಲಿಟ್ಟಳು. ಮನೆ ಬರುವವರೆಗೂ ಒತ್ತಿದೆ.

ಆದ್ದರಿಂದ ತಾವು ದಯಮಾಡಿ ಆ ತೀರ್ಪುಗಾರ್ತಿಗೆ ಆಜೀವ ನಿಷೇಧ ವಿಧಿಸಬೇಕು. ಗೆರೆಯನ್ನು ಕಿರುಬೆರಳಿನಷ್ಟು ಹೊರಗೆ ಸರಿಸಿ, ಪಂದ್ಯವನ್ನು ಇಪ್ಪತ್ತು–ಇಪ್ಪತ್ತರಿಂದ ಮುಂದುವರಿಸಬೇಕೆಂದು ಪ್ರಾರ್ಥನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿ ಉಳಿದಿರುವ,
ಕನೀಜ್ ಫಾತಿಮಾ

ತಾ.ಕ.: ತಾವು ಕಳಿಸಿದ 'ನಿಷ್ಪಕ್ಷಪಾತ ತೀರ್ಪುಗಾರ್ತಿ' ಪ್ರಶಸ್ತಿಪತ್ರ ಫ್ರೇಮ್ ಸಮೇತ ತಲುಪಿತು. ಈ ಮನೆಯಲ್ಲಿ ಅದನ್ನು ಯಾವ ಗೋಡೆಗೆ ತೂಗುಹಾಕಬೇಕೆಂದು ತಾವೇ ಬಂದು, ನಮ್ಮ ಯಜಮಾನರ ಎದುರಿಗೇ ತೋರಿಸಿಕೊಡಿ.