ಹದಿನಾರು ಸಾಲಿನ ಭಾವ

ನಮ್ಮ ಭಾವ ಇಪ್ಪತ್ತಾರು ಲಿಪಿಗಳಲ್ಲಿ ಅನಕ್ಷರಸ್ಥರು! ಬಾರದ ಲಿಪಿಗಳು ನಿಮಗೂ ನನಗೂ ಬೇಕಾದಷ್ಟಿವೆ, ಒಪ್ಪಿದೆ. ಆದರೆ ಅವು ನಮಗೆ ಸುಮ್ಮನೆ ಬಾರವು, ಅದಕ್ಕಾಗಿ ನಾವೇನೂ ಕಷ್ಟಪಟ್ಟಿಲ್ಲ. ಭಾವನಿಗೆ ಬಾರದ ಒಂದೊಂದು ಲಿಪಿಯ ಹಿಂದೆಯೂ ತಿಂಗಳುಗಟ್ಟಲೆ ದುಡಿಮೆಯಿದೆ. ಆರ್ಮೇನಿಯಾದ ಅಕ್ಷರವನ್ನು ಕಣ್ಣು ಮುಚ್ಚಿ ಬರೆದು ತೋರಿಸುತ್ತಾರೆ. ಅದು 'ಅ'ನೋ 'ಕ'ನೋ ಎಂದು ಕೇಳಿ ನೋಡಿ. "ಅದೆಲ್ಲ ಅವರ ಮನೆ ವಿಚಾರ, ನಮಗ್ಯಾಕಮ್ಮ?" ಎನ್ನುತ್ತಾರೆ.

ಭಾವ ಎಂದರೆ ನಮ್ಮಕ್ಕನ ಯಜಮಾನರು. ಮನೆ ಚಿತ್ರದುರ್ಗದಲ್ಲಿ. ಮೊದಲೆಲ್ಲ ಆಫೀಸುಗಳಲ್ಲಿ ಕರಕರ ಸದ್ದು ಮಾಡುತ್ತ ಚುಕ್ಕಿ ಚುಕ್ಕಿಯಾಗಿ ಅಕ್ಷರ ಹೊಡೆಯುವ ಪ್ರಿಂಟರುಗಳಿದ್ದವಲ್ಲ, ಡಾಟ್ ಮ್ಯಾಟ್ರಿಕ್ಸ್ ಅನ್ನುತ್ತಿದ್ದರು, ಅವುಗಳ ರಿಪೇರಿಯೇ ಇವರ ಉದ್ಯೋಗ. ಹೊಸದುರ್ಗದಿಂದ ಹಿರಿಯೂರಿನವರೆಗೆ ಯಾವ ಪ್ರಿಂಟರು ಕೆಮ್ಮಿದರೂ ಭಾವ ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದರು. ಕಾಲ ಕಳೆದು ಪ್ರಿಂಟರುಗಳು ಗುಜರಿಗೆ ಹೋದವು, ಭಾವ ಮನೆಗೆ ಬಂದರು. ಚುಕ್ಕಿಗಳು ಮಾತ್ರ ಅವರ ತಲೆ ಬಿಟ್ಟು ಇಳಿಯಲಿಲ್ಲ.

ವಿಷಯ ಇಷ್ಟೇ. ಕಂಪ್ಯೂಟರಿನಲ್ಲಿ ಹಳೇ ಪದ್ಧತಿಯ ಒಂದು ಬಗೆಯ ಅಕ್ಷರಗಳಿವೆ. ಚೌಕದ ಗೆರೆಯ ಲೆಕ್ಕದ ಪುಸ್ತಕದಲ್ಲಿ ಬರೆದ ಹಾಗೆ. ಎತ್ತರಕ್ಕೆ ಹದಿನಾರು ಸಾಲು, ಯಾವ ಮನೆಗೆ ಚುಕ್ಕಿ, ಯಾವ ಮನೆ ಖಾಲಿ ಎಂದು ತೀರ್ಮಾನಿಸಿದರೆ ಅಕ್ಷರವಾಯಿತು. ಇಂಥ ಅಕ್ಷರಗಳ ಒಂದು ದೊಡ್ಡ ಗಂಟನ್ನು ದೇಶದೇಶದ ಹುಚ್ಚರು ಸೇರಿ ಇಂಟರ್ನೆಟ್ಟಿನಲ್ಲಿ ಕೂಡಿಡುತ್ತಿದ್ದಾರೆ, ಯಾರು ಬೇಕಾದರೂ ಪುಕ್ಕಟೆ ಬಳಸಿಕೊಳ್ಳಲಿ ಎಂದು. ಮೊದಲು ಅದರಲ್ಲಿದ್ದದ್ದು ಇಂಗ್ಲಿಷು ಒಂದೇ. ಬೇರೆ ಭಾಷೆ ಬಂದರೆ ಅಕ್ಷರದ ಜಾಗದಲ್ಲಿ ಒಂದು ಖಾಲಿ ಡಬ್ಬಿ ಕೂರುತ್ತದೆ. ನೀವೂ ಫೋನಿನಲ್ಲಿ ನೋಡಿರುತ್ತೀರಿ, ನೋಡಿ ಸುಮ್ಮನಾಗಿರುತ್ತೀರಿ. ಭಾವನಿಗೆ ಹೊಟ್ಟೆ ಉರಿಯುತ್ತದೆ.

"ಅದು ಯಾರದೋ ಹೆಸರಮ್ಮ! ಮನುಷ್ಯ ಬಂದು ಬಾಗಿಲಲ್ಲಿ ನಿಂತವ್ನೆ, ಒಳಗಿಂದ ಖಾಲಿ ಡಬ್ಬಿ ತೋರಿಸಿದ್ರೆ ಹೆಂಗಿರ್ತೈತೆ?"

ಹೀಗೆ ಡಬ್ಬಿ ಎಬ್ಬಿಸಿ ಅಕ್ಷರ ಕೂರಿಸುವ ಕೆಲಸ ಹಿಡಿದು ಎಂಟು ವರ್ಷವಾಯಿತು. ಇಂಗ್ಲಿಷಿನ ಪತ್ರವ್ಯವಹಾರ ನನ್ನ ತಲೆಗೆ. ನಾನು ಹೊಳಲ್ಕೆರೆಯಲ್ಲಿ ಹೈಸ್ಕೂಲು ಟೀಚರು. ಭಾನುವಾರ ಬಸ್ಸಿನಲ್ಲಿ ಬಂದು ಭಾವನಿಗೆ ಬಂದ ಮೇಲ್ ಓದಿ ಹೇಳಬೇಕು, ಅವರು ಹೇಳಿದ್ದಕ್ಕೆ ಇಂಗ್ಲಿಷು ಹೊದಿಸಿ ಕಳಿಸಬೇಕು. ಇದಕ್ಕೆ ನನ್ನ ಸಂಬಳ ಅಕ್ಕನ ಕೈಯ ಮಂಡಕ್ಕಿ, ಮೆಣಸಿನಕಾಯಿ.

ಮನೆಗೆ ಹೊಸ ಬಚ್ಚಲು ಕಟ್ಟಿಸಿದಾಗಿನ ಕಥೆ ಕೇಳಿ. ಗೋಡೆಗೆ ಟೈಲ್ಸ್ ಹಾಕುತ್ತಿದ್ದ ಮೇಸ್ತ್ರಿಯ ಹಿಂದೆ ನಿಂತು ಭಾವ ಸಾಲು ಎಣಿಸುತ್ತಿದ್ದರು. ಹದಿನಾರಕ್ಕೆ ಬರುತ್ತಲೇ "ಸಾಕು, ನಿಲ್ಸಪ್ಪ" ಎಂದರು.

"ಸಾರ್, ಇನ್ನೊಂದು ಸಾಲು ಹಾಕಿದ್ರೆ ಸೂರು ಮುಟ್ತೈತೆ. ಇಲ್ಲಾಂದ್ರೆ ಮೇಲೆ ಬೋಳು ಸಿಮೆಂಟು ಕಾಣ್ತೈತೆ."

"ಕಾಣ್ಲಿ ಬಿಡು. ಹದಿನೇಳನೇ ಸಾಲಿಗೆ ನನ್ನತ್ರ ಕೆಲ್ಸ ಇಲ್ಲ."

ಮೇಸ್ತ್ರಿ ಪಾಪ, ಇವರಿಗೆ ಯಾರೋ ವಾಸ್ತು ಹೇಳಿದ್ದಾರೆ ಎಂದುಕೊಂಡು ಹೋದ. ಆ ವರ್ಷ ಗೌರಿ ಹಬ್ಬಕ್ಕೆ ನಾನು ಅಕ್ಕನಿಗೆ ಸೀರೆಯ ಜೊತೆ ಸ್ಟಿಕರ್ ಬೊಟ್ಟಿನ ದೊಡ್ಡ ಪ್ಯಾಕೆಟ್ಟು ಕೊಟ್ಟಿದ್ದೆ. ಮುಂದಿನ ಭಾನುವಾರ ಮುಖ ತೊಳೆಯಲು ಬಚ್ಚಲಿಗೆ ಹೋದರೆ ನನ್ನ ಬೊಟ್ಟುಗಳೆಲ್ಲ ಗೋಡೆಯ ಮೇಲೆ! ಒಂದೊಂದು ಟೈಲ್ಸಿಗೆ ಒಂದೊಂದು. ನಾಲ್ಕು ಹೆಜ್ಜೆ ಹಿಂದೆ ಬಂದು ನೋಡಿದರೆ ಇಥಿಯೋಪಿಯಾದ ಯಾವುದೋ ಅಕ್ಷರ ಸೊಂಟದ ಮೇಲೆ ಕೈಯಿಟ್ಟು ನಿಂತಿದೆ. ಅಕ್ಕನನ್ನು ಕರೆದು ತೋರಿಸಿದೆ. "ನನ್ನ ಹಣೆಗೆ ಇಡಾಕೆ ಒಂದೂ ಉಳಿದಿಲ್ಲ ಕಣೇ, ಗೋಡೆ ಮುತ್ತೈದೆ ಆಗೈತೆ!" ಎಂದಳು ಅಕ್ಕ.

ಇನ್ನು ಮಾರಿಕಣಿವೆ. ಡ್ಯಾಮು ತುಂಬಿ ಕೋಡಿ ಬಿದ್ದಿದೆ ಎಂದು ಇಡೀ ಜಿಲ್ಲೆಯೇ ನೋಡಲು ನುಗ್ಗಿತ್ತಲ್ಲ, ನಾವೂ ಕಾರು ಮಾಡಿಕೊಂಡು ಹೊರಟೆವು. ಅಕ್ಕ ರೊಟ್ಟಿ, ಶೇಂಗಾ ಚಟ್ನಿ, ಚಿತ್ರಾನ್ನ ಕಟ್ಟಿದ್ದಳು. ಹಿರಿಯೂರಿನ ಹತ್ತಿರ ಹೈವೇ ಪಕ್ಕದ ಢಾಬಾದಲ್ಲಿ ಟೀ ಕುಡಿಯಲು ನಿಲ್ಲಿಸಿದ್ದೇ ನಮ್ಮ ತಪ್ಪು. ಸಾಲಾಗಿ ಲಾರಿಗಳು! ಪಂಜಾಬಿನದು, ಗುಜರಾತಿನದು, ಒಡಿಶಾದ್ದು, ಒಂದೊಂದರ ಬೆನ್ನ ಮೇಲೂ ಒಂದೊಂದು ಲಿಪಿ. ಭಾವ ಟೀ ಲೋಟ ಬಿಟ್ಟು, ನೋಟುಬುಕ್ಕು ಹಿಡಿದು ಲಾರಿಗಳ ಸುತ್ತ ಪ್ರದಕ್ಷಿಣೆ ಶುರು ಮಾಡಿದರು.

ನೆರಳಿನಲ್ಲಿ ಮಲಗಿದ್ದ ಒಬ್ಬ ಸರ್ದಾರ್ಜಿ ಡ್ರೈವರು ಕಣ್ಣು ಬಿಟ್ಟು ನೋಡಿದ. ಯಾರೋ ಕನ್ನಡಕದವರು ತನ್ನ ಲಾರಿಯ ಹಿಂದೆ ನಿಂತು ಏನನ್ನೋ ಗಂಭೀರವಾಗಿ ಬರೆದುಕೊಳ್ಳುತ್ತಿದ್ದಾರೆ! ಧಡಕ್ಕನೆ ಎದ್ದವನೇ ಲೈಸೆನ್ಸು, ಪರ್ಮಿಟ್ಟು, ಇನ್ಶೂರೆನ್ಸು ಎಲ್ಲ ತಂದು ಭಾವನ ಕೈಗಿಟ್ಟು ಕೈಮುಗಿದು ನಿಂತ. ಭಾವ ಒಂದೊಂದೇ ಹಾಳೆ ತಿರುವಿದರು. ಮುಖ ಸಪ್ಪಗಾಯಿತು. ಡ್ರೈವರಿನ ಮುಖ ಇನ್ನೂ ಸಪ್ಪಗಾಯಿತು.

"ಎಲ್ಲಾ ಇಂಗ್ಲಿಷಿನಲ್ಲೇ ಐತಲ್ಲಮ್ಮ! ಇವರ ಅಕ್ಷರ ಒಂದೂ ಇಲ್ಲ" ಎಂದು ನನ್ನ ಕಡೆ ತಿರುಗಿ ಗೋಳಾಡಿದರು ಭಾವ. ಅವರ ಹರಕು ಹಿಂದಿಯಲ್ಲಿ ಡ್ರೈವರಿಗೆ ವಿಷಯ ತಿಳಿಯುವ ಹೊತ್ತಿಗೆ ಅರ್ಧ ಗಂಟೆಯಾಯಿತು. ಆಮೇಲೆ ಆ ಪುಣ್ಯಾತ್ಮ ಪೆನ್ನು ತೆಗೆದುಕೊಂಡು ತನ್ನ ವರ್ಣಮಾಲೆಯನ್ನೆಲ್ಲ ಬರೆದುಕೊಟ್ಟು, ಭಾವ ಬರೆದ ಚುಕ್ಕಿ ಅಕ್ಷರಗಳನ್ನು ತಿದ್ದಿ, ನಮಗೆಲ್ಲ ಪರೋಟ ಕೊಡಿಸಿದ. ಚಿತ್ರಾನ್ನ ಅವನ ಪಾಲಾಯಿತು. ಕತ್ತಲಾಗುವ ಮುಂಚೆ ಮನೆ ಸೇರೋಣವೆಂದು ಅಲ್ಲಿಂದಲೇ ವಾಪಸು ಬಂದೆವು. ನಾನು ಇವತ್ತಿಗೂ ಕೋಡಿ ನೋಡಿಲ್ಲ.

ಇಂಟರ್ನೆಟ್ಟಿನಲ್ಲಿ ನೋಡಿಕೊಂಡು ಬರೆದರಾಗದೇ ಎಂದು ನೀವು ಕೇಳಬಹುದು. ನಾನೂ ರೇಗಿ ಕೇಳಿದ್ದೇನೆ. ಆಗ ಭಾವ ಒಂದು ಹಳೆಯ ಸಂಗತಿ ಹೇಳಿದರು. ಪ್ರಿಂಟರುಗಳ ಕಾಲದಲ್ಲಿ ಒಂದು ಆಫೀಸಿಗೆ ಕನ್ನಡ ಅಕ್ಷರಗಳನ್ನು ಇವರೇ ಚುಕ್ಕಿಯಿಟ್ಟು ಮಾಡಿಕೊಟ್ಟಿದ್ದರಂತೆ. ಒಂದೇ ಒಂದು ಚುಕ್ಕಿ ತಪ್ಪಿತ್ತು. ಅದರಿಂದಾಗಿ ಹಿರೇಗುಂಟನೂರಿನ ಒಬ್ಬ ಅಜ್ಜಿಯ ಹೆಸರು ಕಾಗದದ ಮೇಲೆ ಬೇರೆ ಯಾರದೋ ಆಗಿ, ಪಿಂಚಣಿ ನಿಂತುಹೋಯಿತು. ಹೆಸರು ತಪ್ಪಾಗಿದೆ ಎಂದು ಹೇಳಲು ಆಕೆಗೆ ಓದು ಬಾರದು. ತಿಂಗಳುಗಟ್ಟಲೆ ಬಸ್ಸಿನಲ್ಲಿ ಬಂದು ಹೋದಳು. ತಪ್ಪು ಎಲ್ಲಿತ್ತೆಂದು ಆಕೆಗೆ ಕೊನೆಯವರೆಗೂ ಗೊತ್ತಾಗಲಿಲ್ಲ, ಭಾವನಿಗೆ ಗೊತ್ತಾಯಿತು. ಅಂದಿನಿಂದ ಒಂದು ನೇಮ ಮಾಡಿಕೊಂಡಿದ್ದಾರೆ: ಆ ಅಕ್ಷರದ ಜನರಲ್ಲಿ ಒಬ್ಬರು ಕಣ್ಣಾರೆ ನೋಡಿ ಸರಿ ಎನ್ನದೆ ಒಂದು ಚುಕ್ಕಿಯೂ ಮನೆಯ ಹೊಸ್ತಿಲು ದಾಟಬಾರದು. ಇದನ್ನು ಕೇಳಿದ ಮೇಲೆ ನಾನು ರೇಗುವುದನ್ನು ಬಿಟ್ಟೆ.

ಟಿಬೆಟಿನ ಅಕ್ಷರಗಳ ಸರದಿ ಬಂದಾಗ ಭಾವನಿಗೆ ಸಿಕ್ಕಿದ್ದು ಸ್ವೆಟರ್ ಅಮ್ಮ. ಪ್ರತಿ ಚಳಿಗಾಲ ಮುಂಡಗೋಡದ ಕಡೆಯಿಂದ ಟಿಬೆಟಿನವರು ಬಂದು ರಸ್ತೆ ಬದಿಯಲ್ಲಿ ಸ್ವೆಟರಿನ ಅಂಗಡಿ ಹಾಕುತ್ತಾರಲ್ಲ, ಅವರಲ್ಲಿ ಎಲ್ಲರಿಗಿಂತ ಹಿರಿಯರು. ಎಪ್ಪತ್ತು ದಾಟಿರಬೇಕು. ನಮ್ಮ ದುರ್ಗದ ಚಳಿಯೋ, ಬೆಳಿಗ್ಗೆ ಏಳಕ್ಕೆ ಬಂದು ಎಂಟಕ್ಕೆ ಎದ್ದು ಹೋಗುವಂಥದ್ದು. ಅಂಥ ಊರಿಗೆ ಇಷ್ಟು ವರ್ಷದಿಂದ ಸ್ವೆಟರು ತರುವವರ ತಾಳ್ಮೆ ಸಾಮಾನ್ಯದ್ದೇ?

ಭಾವ ನೋಟುಬುಕ್ಕು ಕೊಟ್ಟರೆ ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ನಿಧಾನವಾಗಿ ನೋಡುತ್ತಿದ್ದರು. "ಚೆನ್ನಾಗೈತೆ ಅಣ್ಣಾ. ಎಲ್ಲಾ ಚೆನ್ನಾಗೈತೆ." ಅಷ್ಟು ಹೊತ್ತು ನೋಡಿಕೊಟ್ಟವರ ಹತ್ತಿರದಿಂದ ಬರಿಗೈಯಲ್ಲಿ ಬರುವುದಾದರೂ ಹೇಗೆ? ಭಾವ ಒಂದೊಂದು ಸಲಕ್ಕೆ ಒಂದೊಂದು ಸ್ವೆಟರು ತಂದರು. ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಅಕ್ಕನ ಬೀರುವಿನಲ್ಲಿ ಸೀರೆಗೆ ಜಾಗವಿರಲಿಲ್ಲ. ಭಾವ ಹೆಮ್ಮೆಯಿಂದ ಅಕ್ಷರಗಳನ್ನೆಲ್ಲ ಕಳಿಸಿದರು.

ಒಂದು ಭಾನುವಾರ ಉತ್ತರ ಬಂತು. ಯಾವುದೋ ಹಿಮದ ನಾಡಿನಲ್ಲಿರುವ ಟಿಬೆಟಿನವರೊಬ್ಬರು ಬಹಳ ಮರ್ಯಾದೆಯಿಂದ ಬರೆದಿದ್ದರು. ನಾನು ಓದಿ ಹೇಳಿದೆ. ನಮ್ಮ ಅಕ್ಷರಗಳು ಮೇಲಿನ ಗೆರೆಯಿಂದ ತೂಗುಬೀಳುತ್ತವೆ, ಕೆಳಗೆ ಕಾಲುಗಳು ಉದ್ದ ಗಿಡ್ಡ ಇರುತ್ತವೆ, ತಾವು ಎಲ್ಲವನ್ನೂ ತಳದ ಗೆರೆಗೆ ಸಮವಾಗಿ ಕೂರಿಸಿದ್ದೀರಿ, ಕೆಲವನ್ನಂತೂ ನಮ್ಮವರು ಗುರುತೇ ಹಿಡಿಯಲಾರರು ಎಂದು. ಹೌದು, ಭಾವ ಅವನ್ನೆಲ್ಲ ನಮ್ಮ ಕನ್ನಡದ ಅಕ್ಷರಗಳಂತೆ ಪಂಕ್ತಿಯೂಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರಿಸಿಬಿಟ್ಟಿದ್ದರು!

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. "ಮೂರು ವರ್ಷ ಚೆನ್ನಾಗೈತೆ ಅಂದ್ರಲ್ಲ ಆಯಮ್ಮ! ಸ್ವೆಟರ್ ಮಾರೋಕೆ ನಿಮ್ಮನ್ನ ಆಟ ಆಡಿಸಿದಾರೆ ಭಾವ."

ಭಾವ ತಟ್ಟೆ ಪಕ್ಕಕ್ಕೆ ಸರಿಸಿದರು. ಮಂಡಕ್ಕಿ ಹಾಗೇ ಇತ್ತು. ಆಗ ಅಕ್ಕ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ಏನ್ರಿ, ಆಕೆಗೆ ಓದಾಕೆ ಬರಲ್ಲ ಅಂತ ನಿಮಗೆ ಗೊತ್ತಾಗ್ಲೇ ಇಲ್ವಾ? ಮೊದಲನೇ ದಿನ ನಾನೂ ಜೊತೆಗಿದ್ನಲ್ಲ, ಆವತ್ತೇ ಪುಸ್ತಕ ತಲೆಕೆಳಗು ಹಿಡ್ಕಂಡಿದ್ರು."

"ಮತ್ಯಾಕೆ ಹೇಳ್ಲಿಲ್ಲ ನೀನು?"

"ಇನ್ನೂ ನಾಲ್ಕು ಜನಕ್ಕೆ ತೋರಿಸ್ತೀರಿ ಅನ್ಕಂಡೆ. ವಯಸ್ಸಾದೋರು, ಮರೆ ಮಾಡ್ಕಂಡಿದ್ದನ್ನ ನಾನ್ಯಾಕೆ ಬೀದೀಲಿ ಎತ್ತಿ ಆಡ್ಲಿ?"

ಭಾವ ಆವತ್ತು ಇಡೀ ದಿನ ಕಂಪ್ಯೂಟರು ಮುಟ್ಟಲಿಲ್ಲ. ಆ ಅಕ್ಷರಗಳನ್ನು ಸದ್ಯಕ್ಕೆ ಗಂಟಿನಿಂದ ತೆಗೆದುಬಿಡಿ ಎಂದು ನನ್ನ ಕೈಯಲ್ಲಿ ಬರೆಸಿದರು. ಟಿಬೆಟಿನ ಜಾಗದಲ್ಲಿ ಮತ್ತೆ ಡಬ್ಬಿಗಳು ಬಂದು ಕೂತವು.

ಮುಂದಿನ ಚಳಿಗಾಲ ಸ್ವೆಟರಿನ ಅಂಗಡಿಗಳು ಬಂದ ಮೊದಲ ಭಾನುವಾರವೇ ನಾನು ಭಾವನ ಜೊತೆ ಹೋದೆ. ನಿಜ ಹೇಳುತ್ತೇನೆ, ಆಯಮ್ಮನಿಗೆ ನಾಲ್ಕು ಮಾತು ಕೇಳಬೇಕೆಂದೇ ಹೋಗಿದ್ದೆ. ಭಾವ ಸ್ಟೂಲು ಎಳೆದುಕೊಂಡು ಕೂತರು.

"ಅಮ್ಮಾ, ನಾನು ಬರ್ದಿದ್ದೆಲ್ಲ ತಪ್ಪಂತೆ. ನಂದೇ ತಪ್ಪು. ನಿಮ್ಮ ಅಕ್ಷರ ಓದಾಕೆ ನನಗೆ ಬರಲ್ಲ. ಬರದೇ ಇರೋನು ಬರೆಯಾಕೆ ಹೋದೆ."

ಅಮ್ಮ ಕೈಯಲ್ಲಿದ್ದ ಸ್ವೆಟರು ಮಡಿಸಿದರು. ಬಿಚ್ಚಿದರು. ಮತ್ತೆ ಮಡಿಸಿದರು.

"ಅಣ್ಣಾ, ನನಗೂ ಬರಲ್ಲ" ಎಂದರು. "ನಾನು ಸಣ್ಣೋಳು ಇದ್ದಾಗ ಅಪ್ಪ ಅಮ್ಮ ಜೊತೆ ಬೆಟ್ಟದಲ್ಲಿ ರೋಡ್ ಕೆಲಸ. ಕಲ್ಲು ಹೊರೋದು. ಇಸ್ಕೂಲು ಆಮೇಲೆ ಬಂತು, ತಮ್ಮ ಹೋದ, ತಂಗಿ ಹೋದ್ಲು. ನಾನು ದೊಡ್ಡೋಳು ಆಗಿದ್ದೆ. ಈ ಊರಲ್ಲಿ ಯಾರೂ ನಮ್ಮ ಅಕ್ಷರ ಕೇಳಿಲ್ಲ ಅಣ್ಣಾ. ನೀನು ಅಷ್ಟು ಪ್ರೀತಿ ಮಾಡಿ ತಂದೆ. ಬರಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ನಾಲ್ಕು ಮಾತು ಕೇಳಬೇಕೆಂದು ಬಂದವಳು ಕೈಗೆ ಸಿಕ್ಕ ಸ್ವೆಟರಿನ ಬೆಲೆಚೀಟಿ ನೋಡುತ್ತ ನಿಂತೆ. ನಾಚಿಕೆಯಾಯಿತು. ಪಾಠ ಹೇಳುವ ನನಗೆ ಕಾಣದ್ದು ಅಕ್ಕನಿಗೆ ಒಂದು ದಿನದಲ್ಲಿ ಕಂಡಿತ್ತು.

"ಹಂಗಾದ್ರೆ ನಾವಿಬ್ರೂ ಒಂದೇ ಕ್ಲಾಸು. ಕಲಿಯಾಣ ಬರ್ರಿ" ಎಂದ ಭಾವ ಬ್ಯಾಗಿನಿಂದ ಟಿಬೆಟಿನ ಒಂದನೇ ಕ್ಲಾಸಿನ ಪುಸ್ತಕ ತೆಗೆದರು. ಆ ಹಿಮದ ನಾಡಿನವರು ಮೇಲ್‌ನಲ್ಲಿ ಕಳಿಸಿದ್ದದ್ದು, ದೊಡ್ಡ ಅಕ್ಷರದಲ್ಲಿ ಪ್ರಿಂಟು ಹಾಕಿಸಿದ್ದರು. ಎರಡು ಪ್ರತಿ! ಮನೆಯಿಂದ ಹೊರಡುವಾಗಲೇ ಎರಡು ಇಟ್ಟುಕೊಂಡಿದ್ದರು.

ಆ ಚಳಿಗಾಲವಿಡೀ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಸ್ವೆಟರುಗಳ ನಡುವೆ ಶಾಲೆ ನಡೆಯಿತು. ಮಕ್ಕಳು ಓದುವುದನ್ನು ಕೇಳಿ ಕೇಳಿ ಅಕ್ಷರಗಳ ಸಾಲು ಅಮ್ಮನ ಬಾಯಲ್ಲಿತ್ತು. ಕ, ಖ, ಗ, ಙ ಎಂದು ಶುರು ಮಾಡಿದಾಗ ಭಾವ ಸ್ಟೂಲಿನಿಂದ ಎದ್ದೇಬಿಟ್ಟರು. "ಇದು ನಮ್ದೇ ಅಲ್ವೇನ್ರಿ!" ಅವರು ಸದ್ದು ಹೇಳುವುದು, ಇವರು ಚುಕ್ಕಿ ಇಡುವುದು, ಇಬ್ಬರೂ ಪುಸ್ತಕದಲ್ಲಿ ಬೆರಳಿಟ್ಟು ತಾಳೆ ನೋಡುವುದು. ಪಕ್ಕದ ಅಂಗಡಿಯ ಟಿಬೆಟಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅಮ್ಮ ಮೊದಮೊದಲು ಪುಸ್ತಕವನ್ನು ಸ್ವೆಟರಿನ ಕೆಳಗೆ ಬಚ್ಚಿಡುತ್ತಿದ್ದರು, ಆಮೇಲೆ ಅದನ್ನೂ ಬಿಟ್ಟರು.

ಅಂಗಡಿ ಎತ್ತುವ ದಿನವೂ ನಾನಿದ್ದೆ. ಸ್ವೆಟರುಗಳೆಲ್ಲ ಮೂಟೆಯಾಗಿದ್ದವು. ಭಾವ ಲ್ಯಾಪ್‌ಟಾಪು ತಂದು ಮೂಟೆಯ ಮೇಲಿಟ್ಟು ತಿದ್ದಿದ ಅಕ್ಷರಗಳನ್ನು ತೆರೆದರು. ಅಮ್ಮ ಕನ್ನಡಕ ಹಾಕಿಕೊಂಡು ತುಟಿ ಅಲುಗಿಸುತ್ತ ಒಂದೊಂದನ್ನೇ ನೋಡುತ್ತ ಬಂದರು. ಎರಡನೇ ಸಾಲಿನ ನಡುವೆ ಬೆರಳು ನಿಂತಿತು. ಹಿಂದೆ ಹೋಯಿತು. ಮತ್ತೆ ಅಲ್ಲೇ ಬಂದು ನಿಂತಿತು.

"ಅಣ್ಣಾ, ಇದು ತಪ್ಪು. ಇದರ ಕಾಲು ಗಿಡ್ಡ."

ಭಾವ ಪುಸ್ತಕ ತೆಗೆದು ನೋಡಿದರು. ಚುಕ್ಕಿ ಎಣಿಸಿದರು. ಒಂದು ಕಡಿಮೆಯಿತ್ತು. "ನೋಡಮ್ಮ, ತಪ್ಪು ಹಿಡಿದ್ರು! ನನ್ನ ತಪ್ಪು ಹಿಡಿದ್ರು!" ಎಂದು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು. ನನಗೂ ಬಂತು, ಮುಚ್ಚಿಡುವುದೇನಿದೆ?

ಭಾವ ಅಲ್ಲೇ ಮೂಟೆಯ ಪಕ್ಕ ಕೂತು ಆ ಒಂದು ಚುಕ್ಕಿ ಇಟ್ಟು ತೋರಿಸಿದರು. ಅಮ್ಮ ಬಗ್ಗಿ ನೋಡಿದರು. ಬೆರಳನ್ನು ಮುಂದಿನ ಅಕ್ಷರಕ್ಕೆ ಸರಿಸಿದರು.